ಕೆರೆ ನೀರಿನ ಮಾಪನಗಳನ್ನು ಕಾಲಕ್ರಮದಲ್ಲಿ ನಕ್ಷೆಗೆ ತರುವುದು ಹೇಗೆ: ಕ್ಯುಜಿಐಎಸ್‌ನ ಹೊಸ ಸೌಲಭ್ಯಗಳಿಗೊಂದು ಮಾರ್ಗದರ್ಶಿ

ಕೆರೆ ಉಳಿಸುವ ಗುಂಪುಗಳು, ಕಾಲೇಜಿನ ಪರಿಸರ ವಿಭಾಗದ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿಯ ಆಸಕ್ತ ಸದಸ್ಯರು, ಹೀಗೆ ಬೇರೆ ಬೇರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ನಮ್ಮ ಬಳಿ ಎರಡು ಮೂರು ವರ್ಷಗಳ ನೀರಿನ ಪರೀಕ್ಷೆಯ ಅಂಕಿಗಳು ಎಕ್ಸೆಲ್ ಹಾಳೆಯಲ್ಲಿವೆ. ತಿಂಗಳಿಂದ ತಿಂಗಳಿಗೆ ಏನಾಯಿತೆಂದು ನಕ್ಷೆಯ ಮೇಲೆ ತೋರಿಸುವುದು ಹೇಗೆ?" ಹಿಂದೆ ಇದಕ್ಕೆ ತಿಂಗಳಿಗೊಂದರಂತೆ ಹನ್ನೆರಡು ನಕ್ಷೆಗಳನ್ನು ಕೈಯಾರೆ ಮಾಡಬೇಕಾಗಿತ್ತು, ಇಲ್ಲವೇ ಹೆಚ್ಚುವರಿ ಪ್ಲಗಿನ್‌ಗಳನ್ನು ನೆಚ್ಚಿಕೊಳ್ಳಬೇಕಾಗಿತ್ತು. ನಕ್ಷೆ ತಯಾರಿಸುವ ಉಚಿತ ಮತ್ತು ಮುಕ್ತ ತಂತ್ರಾಂಶವಾದ ಕ್ಯುಜಿಐಎಸ್‌ನಲ್ಲಿ 2020ರ 3.14ನೇ ಆವೃತ್ತಿಯಿಂದ ಕಾಲವನ್ನು ನಿಭಾಯಿಸುವ ಸೌಲಭ್ಯ ತಂತ್ರಾಂಶದೊಳಗೇ ಸೇರಿದೆ. 2024ರ 3.36ನೇ ಆವೃತ್ತಿಯಿಂದ ಸಂವೇದಕಗಳ, ಅಂದರೆ ಸೆನ್ಸರ್‌ಗಳ, ದತ್ತಾಂಶವನ್ನು ಸರ್ವರ್‌ನಿಂದ ನೇರವಾಗಿ ಓದುವ ಸೌಲಭ್ಯವೂ ಬಂದಿದೆ. ಇವೆರಡನ್ನೂ ಬೆಂಗಳೂರಿನ ಕೆರೆಗಳ ಉದಾಹರಣೆಯೊಂದಿಗೆ ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಂದರೆ ಹುಟ್ಟುವುದು ತಂತ್ರಾಂಶದಲ್ಲಲ್ಲ, ಕೋಷ್ಟಕದ ದಿನಾಂಕ ಮತ್ತು ಸಮಯದ ಕಾಲಂಗಳಲ್ಲಿ. ಆದ್ದರಿಂದ ಮೊದಲನೆಯ ಹಂತವನ್ನು ಉದ್ದವಾಗಿಯೇ ಬರೆದಿದ್ದೇನೆ. ದಯವಿಟ್ಟು ಅದನ್ನು ಹಾರಿಸಿ ಮುಂದೆ ಹೋಗಬೇಡಿ.

ಏನೇನು ಬೇಕು

64 ಬಿಟ್‌ನ ಸಾಮಾನ್ಯ ಕಂಪ್ಯೂಟರ್ ಸಾಕು. 8 ಜಿಬಿ ರ‍್ಯಾಮ್ ಇದ್ದರೆ ಕೆಲಸ ಸಲೀಸಾಗಿ ಸಾಗುತ್ತದೆ. ಕ್ಯುಜಿಐಎಸ್‌ನ 3.40 ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನು ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಅಲ್ಲಿ "ಲಾಂಗ್ ಟರ್ಮ್ ರಿಲೀಸ್" ಎಂಬ ಆಯ್ಕೆ ಇರುತ್ತದೆ. ದೀರ್ಘ ಕಾಲ ದೋಷ ಪರಿಹಾರ ಸಿಗುವ ಸ್ಥಿರ ಆವೃತ್ತಿ ಅದು. ಸಂಘ ಸಂಸ್ಥೆಗಳಿಗೆ ಅದನ್ನೇ ಸೂಚಿಸುತ್ತೇನೆ. ಮೆನುಗಳ ಹೆಸರುಗಳನ್ನು ಪರದೆಯ ಮೇಲೆ ಕಾಣುವ ಇಂಗ್ಲಿಷ್ ಪದಗಳ ಉಚ್ಚಾರಣೆಯಂತೆಯೇ ಇಲ್ಲಿ ಬರೆದಿದ್ದೇನೆ.

ಹಂತ 1: ಕೋಷ್ಟಕವನ್ನು ಸಿದ್ಧಪಡಿಸುವುದು

ಒಂದು ಸಾಲಿನಲ್ಲಿ ಒಂದೇ ಮಾಪನ ಇರಬೇಕು. ಜನವರಿಗೊಂದು ಕಾಲಂ, ಫೆಬ್ರವರಿಗೊಂದು ಕಾಲಂ ಎಂದು ಅಡ್ಡಕ್ಕೆ ಬೆಳೆಸಿದ ಹಾಳೆ ಓದುವುದಕ್ಕೆ ಹಿತವಾಗಿರುತ್ತದೆ, ಆದರೆ ನಕ್ಷೆಯ ತಂತ್ರಾಂಶಕ್ಕೆ ಅದು ಒಗ್ಗುವುದಿಲ್ಲ. ಒಂದು ಸಾಲು ಹೀಗಿರಲಿ (ಅಂಕಿಗಳನ್ನು ವಿವರಣೆಗಾಗಿ ಬರೆದಿದ್ದೇನೆ, ನಿಜವಾದ ಪರೀಕ್ಷೆಯವಲ್ಲ):

ತಾಣ: ಬೆಳ್ಳಂದೂರು, ಕೋಡಿ | ಅಕ್ಷಾಂಶ: 12.934 | ರೇಖಾಂಶ: 77.672 | ಸಮಯ: 2024-07-15 07:40 | ಕರಗಿದ ಆಮ್ಲಜನಕ: 2.1 | ಬಿಒಡಿ: 24 | ವಿಧಾನ: 3 ದಿನ, 27° | ಷರಾ: ನೊರೆ ಇತ್ತು

ಪ್ರತಿ ಕೆರೆಯಲ್ಲಿ ನೀರು ಒಳಬರುವ ಜಾಗ, ನಡುಭಾಗ, ಕೋಡಿ ಎಂದು ತಾಣಗಳನ್ನು ಬೇರೆ ಬೇರೆಯಾಗಿ ಬರೆಯಿರಿ. "ಬೆಳ್ಳಂದೂರು ಕೆರೆ" ಎಂದಷ್ಟೇ ಬರೆದರೆ ರಾಜಕಾಲುವೆಯ ಬಾಯಲ್ಲಿ ತೆಗೆದ ಮಾದರಿಯನ್ನೂ ಕೋಡಿಯಲ್ಲಿ ತೆಗೆದ ಮಾದರಿಯನ್ನೂ ಒಂದೇ ಚುಕ್ಕೆಗೆ ಕಟ್ಟಿಹಾಕಿದಂತಾಗುತ್ತದೆ.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ನಡುವೆ ಅಡ್ಡಗೆರೆಯಿಟ್ಟು ಬರೆಯಿರಿ: 2024-07-15. ನಮ್ಮಲ್ಲಿ ರೂಢಿಯಾಗಿರುವ 15/07/2024 ಎಂಬ ರೂಪವನ್ನು ಕ್ಯುಜಿಐಎಸ್ ಸಾಮಾನ್ಯವಾಗಿ ದಿನಾಂಕವೆಂದು ಗುರುತಿಸದೆ ಬರಿಯ ಪಠ್ಯವೆಂದು ಓದುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು 05/07/2024 ಎಂಬಂಥ ದಿನಾಂಕ. ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಅದನ್ನು ಮೇ 7 ಎಂದು ತಿಳಿಯುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಮಳೆಗಾಲದ ಮಾಪನ ಸದ್ದಿಲ್ಲದೆ ಬೇಸಿಗೆಗೆ ಹೋಗಿ ಕೂರುತ್ತದೆ. ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವ ಸಾಲುಗಳನ್ನು ಕ್ಷೇತ್ರ ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡಿ.

ಸಮಯವನ್ನೂ ಬರೆಯಲೇಬೇಕು ಎಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ಕೊಳಚೆಯ ಪೋಷಕಾಂಶಗಳಿಂದ ಪಾಚಿ ತುಂಬಿದ ಕೆರೆಯಲ್ಲಿ ಹಗಲು ಬಿಸಿಲಿಗೆ ದ್ಯುತಿಸಂಶ್ಲೇಷಣೆ ನಡೆದು ಕರಗಿದ ಆಮ್ಲಜನಕ ಮಧ್ಯಾಹ್ನ ಏರುತ್ತದೆ. ರಾತ್ರಿಯಿಡೀ ಎಲ್ಲ ಜೀವಿಗಳೂ ಉಸಿರಾಡಿ ನಸುಕಿನ ಹೊತ್ತಿಗೆ ಅದು ತಳ ಮುಟ್ಟುತ್ತದೆ. ಮೀನುಗಳು ಸತ್ತು ತೇಲುವುದು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಏಕೆ ಎಂಬುದಕ್ಕೆ ಇದೇ ವಿವರಣೆ. 25 ಡಿಗ್ರಿ ಉಷ್ಣಾಂಶದಲ್ಲಿ ಸಮುದ್ರಮಟ್ಟದ ಸಿಹಿನೀರು ಗಾಳಿಯಿಂದ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಇನ್ನೂ ಕಡಿಮೆ. ಹಾಗಿರುವಾಗ ಮಧ್ಯಾಹ್ನ 2 ಗಂಟೆಗೆ 12 ಮಿಲಿಗ್ರಾಂ ಬಂದರೆ ಅದು ಶುದ್ಧ ನೀರಿನ ಗುರುತಲ್ಲ, ಪಾಚಿಯ ಅತಿಯಾದ ಬೆಳವಣಿಗೆಯ ಗುರುತು. ಒಂದು ತಿಂಗಳು ಬೆಳಗ್ಗೆ 7ಕ್ಕೂ ಮುಂದಿನ ತಿಂಗಳು ಮಧ್ಯಾಹ್ನ 2ಕ್ಕೂ ಮಾದರಿ ತೆಗೆದು ಎರಡನ್ನೂ ಒಂದೇ ಸರಣಿಯಲ್ಲಿ ತೋರಿಸಿದರೆ, ಕೆರೆ "ಸುಧಾರಿಸಿದೆ" ಎಂಬ ಸುಳ್ಳನ್ನು ನಕ್ಷೆ ಎಲ್ಲರ ಮುಂದೆ ಹೇಳುತ್ತದೆ.

ಬಿಒಡಿ ಎಂದರೆ ನೀರಿನಲ್ಲಿರುವ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ಕೊಳೆಸಲು ಬಳಸುವ ಆಮ್ಲಜನಕದ ಪ್ರಮಾಣ. ಇದನ್ನು 20 ಡಿಗ್ರಿಯಲ್ಲಿ 5 ದಿನ ಅಥವಾ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುವ ಎರಡು ಪದ್ಧತಿಗಳು ನಮ್ಮಲ್ಲಿವೆ. ಪ್ರಯೋಗಾಲಯ ಯಾವುದನ್ನು ಅನುಸರಿಸಿತೆಂದು ಕೇಳಿ, ವಿಧಾನದ ಕಾಲಂನಲ್ಲಿ ಬರೆಯಿರಿ.

ಇನ್ನು ಮೂರು ಸಣ್ಣ ತಪ್ಪುಗಳು ತುಂಬ ಜನರನ್ನು ಕಾಡುತ್ತವೆ. ಪ್ರಯೋಗಾಲಯದ ವರದಿಯಲ್ಲಿ "ಬಿಡಿಎಲ್" ಎಂದಿದ್ದರೆ, ಉಪಕರಣ ಗುರುತಿಸಬಲ್ಲ ಕನಿಷ್ಠ ಮಿತಿಗಿಂತ ಕೆಳಗೆ ಎಂದರ್ಥ. ಆ ಅಕ್ಷರಗಳನ್ನು ಸಂಖ್ಯೆಯ ಕಾಲಂನಲ್ಲಿ ಒಂದೇ ಒಂದು ಕಡೆ ಬರೆದರೂ ಇಡೀ ಕಾಲಂ ಪಠ್ಯವಾಗಿಬಿಡುತ್ತದೆ. ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು ವಿಷಯವನ್ನು ಷರಾದಲ್ಲಿ ಬರೆಯಿರಿ. ಅಳೆಯದ ಕಡೆ ಸೊನ್ನೆ ಹಾಕಬೇಡಿ, ಏಕೆಂದರೆ ಆಮ್ಲಜನಕ ಸೊನ್ನೆ ಎಂದರೆ ಸತ್ತ ಕೆರೆ. ಮೂರನೆಯದು ಕನ್ನಡದ್ದೇ ಸಮಸ್ಯೆ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಕೆರೆಯ ಹೆಸರುಗಳು ಕ್ಯುಜಿಐಎಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಅವನ್ನು ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಎಕ್ಸೆಲ್‌ನಿಂದ ಉಳಿಸುವಾಗಲೂ "ಸಿಎಸ್‌ವಿ ಯುಟಿಎಫ್-8" ಎಂಬ ಆಯ್ಕೆಯನ್ನೇ ಬಳಸಿ. ಬರಿಯ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಸಿಎಸ್‌ವಿ ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ.

ಹಂತ 2: ಕ್ಯುಜಿಐಎಸ್‌ಗೆ ತರುವುದು

"ಲೇಯರ್" ಮೆನುವಿನ "ಆ್ಯಡ್ ಲೇಯರ್" ಅಡಿಯಲ್ಲಿ "ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್" ಆರಿಸಿ, ಕಡತವನ್ನು ತೋರಿಸಿ. ಎನ್‌ಕೋಡಿಂಗ್ ಯುಟಿಎಫ್-8 ಎಂದಿರಲಿ. ಎಕ್ಸ್ ಎಂಬಲ್ಲಿ ರೇಖಾಂಶವನ್ನು, ವೈ ಎಂಬಲ್ಲಿ ಅಕ್ಷಾಂಶವನ್ನು ಕೊಡಿ. ನಾವು ಮಾತಿನಲ್ಲಿ ಅಕ್ಷಾಂಶವನ್ನು ಮೊದಲು ಹೇಳುವುದರಿಂದ ಇವೆರಡೂ ಅದಲುಬದಲಾಗುವುದು ತೀರಾ ಸಾಮಾನ್ಯ. ಹಾಗಾದಾಗ ಬೆಂಗಳೂರಿನ ಕೆರೆಗಳೆಲ್ಲ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಾಗರದಲ್ಲಿ ಕಾಣುತ್ತವೆ. ಚುಕ್ಕೆಗಳು ಕಣ್ಣಿಗೇ ಬೀಳದಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ನಿರ್ದೇಶಾಂಕ ಪದ್ಧತಿಯನ್ನು, ಅಂದರೆ ಭೂಮಿಯ ಮೇಲಿನ ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಒಪ್ಪಂದವನ್ನು, "ಇಪಿಎಸ್‌ಜಿ 4326" ಎಂದು ಕೊಡಿ. ಮೊಬೈಲ್‌ನ ಜಿಪಿಎಸ್ ಕೊಡುವ ಅಕ್ಷಾಂಶ, ರೇಖಾಂಶಗಳು ಈ ಪದ್ಧತಿಯವು. ಅಲ್ಲೇ ಕೆಳಗಿನ ಮಾದರಿ ಕೋಷ್ಟಕದಲ್ಲಿ ಸಮಯದ ಕಾಲಂ "ಡೇಟ್ ಆ್ಯಂಡ್ ಟೈಮ್" ಎಂದು ಗುರುತಾಗಿದೆಯೇ ನೋಡಿ, ಆಮೇಲೆ ಸೇರಿಸಿ. ಪಠ್ಯವೆಂದು ತೋರಿಸುತ್ತಿದ್ದರೆ ಹಂತ 1ಕ್ಕೆ ಮರಳುವುದೇ ಒಳ್ಳೆಯದು. ಅದು ಸಾಧ್ಯವಿಲ್ಲದಿದ್ದರೆ ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ "ಟು_ಡೇಟ್‌ಟೈಮ್" ಎಂಬ ಸೂತ್ರದಿಂದ ಪಠ್ಯವನ್ನು ಸಮಯವಾಗಿ ಪರಿವರ್ತಿಸಬಹುದು. ಆ ಸೂತ್ರದಲ್ಲಿ ಇಂಗ್ಲಿಷ್‌ನ ದೊಡ್ಡ ಎಂ ಎರಡು ಬಾರಿ ಬಂದರೆ ತಿಂಗಳು, ಸಣ್ಣ ಎಂ ಎರಡು ಬಾರಿ ಬಂದರೆ ನಿಮಿಷ ಎಂಬುದನ್ನು ಮರೆಯಬೇಡಿ.

ಉದ್ದ, ವಿಸ್ತೀರ್ಣಗಳನ್ನು ಮೀಟರಿನಲ್ಲಿ ಅಳೆಯಬೇಕಾದವರು ಯುಟಿಎಂ ವಲಯವನ್ನು, ಅಂದರೆ ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಗುರುತಿಸುವ ಪದ್ಧತಿಯ ಒಂದು ಪಟ್ಟಿಯನ್ನು, ಬಳಸುತ್ತಾರೆ. ಬೆಂಗಳೂರು 43ನೇ ಉತ್ತರ ವಲಯದಲ್ಲಿದೆ, ಅದರ ಸಂಕೇತ 32643. ಆದರೆ ವಲಯದ ಗಡಿ 78 ಡಿಗ್ರಿ ರೇಖಾಂಶದಲ್ಲಿ ಹಾದುಹೋಗುವುದರಿಂದ ಕೋಲಾರ ಪಟ್ಟಣ 44ನೇ ವಲಯಕ್ಕೆ ಸೇರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದ್ದು, ಎರಡೂ ಕಡೆಯ ಕೆರೆಗಳನ್ನು ಒಟ್ಟಿಗೆ ಗಮನಿಸುತ್ತಿರುವವರು ಇಡೀ ಯೋಜನೆಗೆ ಒಂದೇ ವಲಯವನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಬೇಕು.

ಹಂತ 3: ಜಿಯೊಪ್ಯಾಕೇಜ್ ಆಗಿ ಉಳಿಸುವುದು

ಲೇಯರ್‌ನ, ಅಂದರೆ ನಕ್ಷೆಗೆ ಸೇರಿಸಿದ ದತ್ತಾಂಶದ ಪದರದ, ಮೇಲೆ ಬಲ ಕ್ಲಿಕ್ ಮಾಡಿ "ಎಕ್ಸ್‌ಪೋರ್ಟ್" ಮೂಲಕ ಜಿಯೊಪ್ಯಾಕೇಜ್ ಎಂಬ ನಕ್ಷೆ ದತ್ತಾಂಶದ ಕಡತವಾಗಿ ಉಳಿಸಿ. ಶೇಪ್‌ಫೈಲ್ ಎಂಬ ಹಳೆಯ ಕಡತ ರೂಪ ಬೇಡ. ಅದರ ದಿನಾಂಕದ ಕಾಲಂಗೆ ಗಂಟೆ, ನಿಮಿಷ ಹಿಡಿಯುವ ಶಕ್ತಿಯೇ ಇಲ್ಲ. ಬೆಳಗ್ಗೆ 7:40 ಎಂದು ನೀವು ಎಚ್ಚರದಿಂದ ಬರೆದದ್ದು ಉಳಿಯುವ ಭರವಸೆಯಿಲ್ಲ. ಜೊತೆಗೆ ಕಾಲಂ ಹೆಸರಿಗೆ ಅದು ಕೊಡುವುದು 10 ಬೈಟ್‌ಗಳ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ "ಆಮ್ಲಜನಕ" ಎಂಬ ಹೆಸರು ಅರ್ಧದಲ್ಲೇ ತುಂಡಾಗುತ್ತದೆ.

ಹಂತ 4: ಬಣ್ಣಗಳ ವರ್ಗೀಕರಣ

ಲೇಯರ್ ಪ್ರಾಪರ್ಟೀಸ್‌ನ "ಸಿಂಬಾಲಜಿ"ಯಲ್ಲಿ "ಗ್ರ್ಯಾಜುಯೇಟೆಡ್" ಆರಿಸಿ, ಕರಗಿದ ಆಮ್ಲಜನಕದ ಕಾಲಂ ಕೊಡಿ. ಇಲ್ಲಿ ತಂತ್ರಾಂಶ ತಾನಾಗಿ ಮಾಡುವ ವಿಭಜನೆಯನ್ನು ಒಪ್ಪಿಕೊಳ್ಳಬೇಡಿ. ನಿಮ್ಮ ಅಂಕಿಗಳನ್ನೇ ಸಮನಾಗಿ ಹಂಚಿ ಅದು ಗಡಿಗಳನ್ನು ಗೊತ್ತುಮಾಡುವುದರಿಂದ, ಎಲ್ಲ ಕೆರೆಗಳೂ ಕೆಟ್ಟಿದ್ದರೂ ಕೆಲವು ಹಸಿರಾಗಿಯೇ ಕಾಣುತ್ತವೆ. ಅದರ ಬದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಕೆ ಆಧಾರಿತ ವರ್ಗಗಳ ಗಡಿಗಳನ್ನು ಕೈಯಿಂದ ತುಂಬಿ. ಸೋಂಕು ನಿವಾರಣೆಯಷ್ಟೇ ಮಾಡಿ ಕುಡಿಯಬಹುದಾದ ಎ ವರ್ಗಕ್ಕೆ ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ, ಸ್ನಾನಕ್ಕೆ ಯೋಗ್ಯವಾದ ಬಿ ವರ್ಗಕ್ಕೆ 5, ಸಂಸ್ಕರಿಸಿ ಕುಡಿಯುವ ಸಿ ವರ್ಗಕ್ಕೂ ಮೀನು ಮತ್ತು ವನ್ಯಜೀವಿಗಳ ಡಿ ವರ್ಗಕ್ಕೂ 4 ಬೇಕು. ನೀರಾವರಿಯ ಇ ವರ್ಗಕ್ಕೆ ಆಮ್ಲಜನಕದ ಮಿತಿ ಇಲ್ಲ, ಅಲ್ಲಿ ಲವಣಾಂಶದ ಮತ್ತು ಬೋರಾನ್‌ನ ಮಿತಿಗಳಿವೆ. ಬಿಒಡಿಗಾದರೆ ಎ ವರ್ಗಕ್ಕೆ ಗರಿಷ್ಠ 2, ಬಿ ಮತ್ತು ಸಿ ವರ್ಗಗಳಿಗೆ ಗರಿಷ್ಠ 3 ಮಿಲಿಗ್ರಾಂ.

ಒಂದು ಎಚ್ಚರಿಕೆ: ವರ್ಗ ನಿರ್ಧಾರವಾಗುವುದು ಎಲ್ಲ ಮಾನದಂಡಗಳನ್ನೂ ಒಟ್ಟಿಗೆ ನೋಡಿದ ಮೇಲೆ. ಆಮ್ಲಜನಕ 5.5 ಇದೆ ಎಂಬ ಒಂದೇ ಕಾರಣಕ್ಕೆ ನಕ್ಷೆಯಲ್ಲಿ "ಸ್ನಾನಯೋಗ್ಯ" ಎಂದು ಬರೆದು, ಕೋಲಿಫಾರಂ ಬ್ಯಾಕ್ಟೀರಿಯಾದ ಎಣಿಕೆಯನ್ನು ಮರೆತರೆ, ಯಾರಾದರೂ ಮಕ್ಕಳನ್ನು ಆ ನೀರಿಗೆ ಇಳಿಸಿಯಾರು. ನಕ್ಷೆಯ ಶೀರ್ಷಿಕೆಯಲ್ಲಿ "ಕರಗಿದ ಆಮ್ಲಜನಕ" ಎಂದಷ್ಟೇ ಬರೆಯಿರಿ. ಕೆಂಪು, ಹಸಿರುಗಳ ವ್ಯತ್ಯಾಸ ಗುರುತಿಸಲಾಗದ ಓದುಗರಿಗಾಗಿ ಕಡುನೀಲಿಯಿಂದ ಕಿತ್ತಳೆಯವರೆಗಿನ ಬಣ್ಣಗಳನ್ನು ಆರಿಸಿದರೆ ಇನ್ನೂ ಒಳ್ಳೆಯದು.

ಚುಕ್ಕೆಗಳ ನಡುವಿನ ಜಾಗವನ್ನೆಲ್ಲ ಬಣ್ಣದಿಂದ ತುಂಬುವ "ಇಂಟರ್‌ಪೊಲೇಷನ್" ಸಾಧನ, ಅಂದರೆ ಅಳೆದ ಬಿಂದುಗಳಿಂದ ಅಳೆಯದ ಜಾಗದ ಬೆಲೆಯನ್ನು ಅಂದಾಜಿಸುವ ಲೆಕ್ಕಾಚಾರ, ಮಳೆಯ ಅಥವಾ ಅಂತರ್ಜಲ ಮಟ್ಟದ ಅಂಕಿಗಳಿಗೆ ಸಲ್ಲುತ್ತದೆ. ಕೆರೆಗಳಿಗೆ ಅದನ್ನು ಬಳಸಬೇಡಿ. ಅಗರ ಕೆರೆಗೂ ಬೆಳ್ಳಂದೂರಿಗೂ ನಡುವೆ ಇರುವುದು ರಸ್ತೆ ಮತ್ತು ಕಟ್ಟಡಗಳು. ಅಲ್ಲಿ ಕರಗಿದ ಆಮ್ಲಜನಕ ಎಂಬುದೇ ಇಲ್ಲ. ಕೆರೆಗಳನ್ನು ಬೆಸೆಯುವುದು ರಾಜಕಾಲುವೆಗಳು: ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ಆ ಸರಪಳಿಯನ್ನು ಗೆರೆಗಳಾಗಿ ಬರೆದು ಚುಕ್ಕೆಗಳನ್ನು ಅದರ ಮೇಲೆ ಕೂರಿಸಿದರೆ, ಮೇಲಿನ ಕೆರೆಗೆ ಬಿದ್ದ ಕೊಳಚೆ ಕೆಳಗಿನ ಕೆರೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದು ನೋಡುವವರಿಗೆ ತಾನಾಗಿ ಹೊಳೆಯುತ್ತದೆ. 3.26ನೇ ಆವೃತ್ತಿಯಿಂದ ಬಂದಿರುವ "ಎಲಿವೇಷನ್ ಪ್ರೊಫೈಲ್" ಫಲಕದಲ್ಲಿ ಇದೇ ಸರಪಳಿಯ ಇಳಿಜಾರನ್ನು ಅಡ್ಡಕೊಯ್ತವಾಗಿಯೂ ನೋಡಬಹುದು, ನಿಮ್ಮ ಬಳಿ ಎತ್ತರದ ದತ್ತಾಂಶ ಇದ್ದರೆ.

ಹಂತ 5: ಕಾಲ ನಿಯಂತ್ರಕವನ್ನು ಹೊಂದಿಸುವುದು

ಈಗ ಮುಖ್ಯ ಸೌಲಭ್ಯಕ್ಕೆ ಬರೋಣ. ಲೇಯರ್ ಪ್ರಾಪರ್ಟೀಸ್‌ನಲ್ಲಿ "ಟೆಂಪೊರಲ್" ಎಂಬ ವಿಭಾಗ ತೆರೆದು "ಡೈನಮಿಕ್ ಟೆಂಪೊರಲ್ ಕಂಟ್ರೋಲ್" ಎಂಬುದಕ್ಕೆ ಗುರುತು ಹಾಕಿ. ಸಂರಚನೆಯಲ್ಲಿ "ಸಿಂಗಲ್ ಫೀಲ್ಡ್ ವಿತ್ ಡೇಟ್/ಟೈಮ್" ಆರಿಸಿ, ನಿಮ್ಮ ಸಮಯದ ಕಾಲಂ ಕೊಡಿ. ಒಪ್ಪಿಗೆ ಕೊಟ್ಟ ಮೇಲೆ ಲೇಯರ್‌ಗಳ ಪಟ್ಟಿಯಲ್ಲಿ ಅದರ ಪಕ್ಕ ಸಣ್ಣದೊಂದು ಗಡಿಯಾರ ಕಾಣಿಸಬೇಕು.

ಅದೇ ವಿಭಾಗದಲ್ಲಿರುವ "ಈವೆಂಟ್ ಡ್ಯುರೇಷನ್" ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು ಮಾಪನವನ್ನು ಎಷ್ಟು ಕಾಲ ಪರದೆಯ ಮೇಲೆ ಉಳಿಸಬೇಕೆಂದು ಅದು ತಿಳಿಸುತ್ತದೆ. ಅದು ಸೊನ್ನೆಯಾಗಿದ್ದು ನೀವು ದಿನಕ್ಕೊಂದು ಚೌಕಟ್ಟಿನಂತೆ ಓಡಿಸಿದರೆ, ತಿಂಗಳಿಗೊಮ್ಮೆ ಚುಕ್ಕೆಗಳು ಮಿಂಚಿ ಮಾಯವಾಗುತ್ತವೆ, ಉಳಿದ 29 ದಿನ ನಕ್ಷೆ ಬರಿದಾಗಿರುತ್ತದೆ. "ನಕ್ಷೆ ಖಾಲಿ ಬರುತ್ತಿದೆ" ಎಂಬ ದೂರುಗಳಿಗೆ ಬಹುಪಾಲು ಇದೇ ಕಾರಣ. ತಿಂಗಳಿಗೊಮ್ಮೆ ಮಾದರಿ ತೆಗೆಯುವವರು ಅವಧಿಯನ್ನು ಒಂದು ತಿಂಗಳೆಂದು ಕೊಡಲಿ. ಅಲ್ಲೇ ಇರುವ "ಅಕ್ಯುಮುಲೇಟ್ ಫೀಚರ್ಸ್ ಓವರ್ ಟೈಮ್" ಆಯ್ಕೆ ಹಳೆಯ ಚುಕ್ಕೆಗಳನ್ನು ಅಳಿಸದೆ ಉಳಿಸುತ್ತದೆ. ಗಿಡ ನೆಟ್ಟ ಜಾಗಗಳಿಗೋ ಮೀನು ಸತ್ತ ಘಟನೆಗಳಿಗೋ ಅದು ಸರಿ. ನೀರಿನ ಗುಣಮಟ್ಟಕ್ಕೆ ಮಾತ್ರ ಸಲ್ಲದು, ಹಳೆಯ ಅಂಕಿಯ ಮೇಲೆ ಹೊಸ ಅಂಕಿ ಪೇರಿಸಿಕೊಂಡು ಯಾವುದು ಯಾವಾಗಿನದೆಂದು ತಿಳಿಯದಂತಾಗುತ್ತದೆ.

ನಂತರ ಮೇಲಿನ ಪಟ್ಟಿಯಲ್ಲಿರುವ ಗಡಿಯಾರದ ಚಿತ್ರವನ್ನು ಒತ್ತಿ "ಟೆಂಪೊರಲ್ ಕಂಟ್ರೋಲರ್" ಫಲಕ ತೆರೆಯಿರಿ. "ಆ್ಯನಿಮೇಟೆಡ್" ವಿಧವನ್ನು ಆರಿಸಿ, "ಸೆಟ್ ಟು ಫುಲ್ ರೇಂಜ್" ಒತ್ತಿದರೆ ನಿಮ್ಮ ದತ್ತಾಂಶದ ಮೊದಲ ದಿನದಿಂದ ಕೊನೆಯ ದಿನದವರೆಗಿನ ಅವಧಿ ತುಂಬಿಕೊಳ್ಳುತ್ತದೆ. ಅಲ್ಲಿ 1970 ಅಥವಾ 2042ರಂಥ ವರ್ಷ ಕಂಡರೆ ಕೋಷ್ಟಕದ ಯಾವುದೋ ಸಾಲಿನಲ್ಲಿ ದಿನಾಂಕ ತಪ್ಪಾಗಿದೆ ಎಂದು ತಿಳಿಯಿರಿ. ಚೌಕಟ್ಟಿನ ಅಂತರವನ್ನು ಒಂದು ತಿಂಗಳಿಗೆ ಇಟ್ಟು ಓಡಿಸಿ. ಮಾದರಿ ತೆಗೆದ ದಿನಗಳ ನಡುವೆ ಅಂತರ ಒಂದೇ ರೀತಿ ಇಲ್ಲದವರು, ಒಂದು ತಿಂಗಳು ಮಳೆಯಿಂದ ತಪ್ಪಿಹೋಗಿ ಇನ್ನೊಂದು ತಿಂಗಳು ಎರಡು ಬಾರಿ ತೆಗೆದವರು, "ಸೋರ್ಸ್ ಟೈಮ್‌ಸ್ಟ್ಯಾಂಪ್ಸ್" ಎಂಬ ಅಂತರವನ್ನು ಆರಿಸಿದರೆ ಮಾಪನವಿರುವ ಸಮಯಗಳಲ್ಲಷ್ಟೇ ಚೌಕಟ್ಟು ನಿಲ್ಲುತ್ತದೆ.

ದಿನಾಂಕವೇ ಇಲ್ಲದ ಸಾಲುಗಳ ವಿಷಯದಲ್ಲಿ ಜಾಗ್ರತೆ. ಕ್ಯುಜಿಐಎಸ್ ಅವನ್ನು ಬಿಟ್ಟುಬಿಡುವುದಿಲ್ಲ, ಎಲ್ಲ ಚೌಕಟ್ಟುಗಳಲ್ಲೂ ತೋರಿಸುತ್ತದೆ. ಮೂರು ವರ್ಷವೂ ಒಂದೇ ಬಣ್ಣದಲ್ಲಿ ಅಲುಗಾಡದೆ ನಿಂತ ಚುಕ್ಕೆ ಕಂಡರೆ ಅದರ ಸಾಲನ್ನು ತೆರೆದು ನೋಡಿ.

ಹಂತ 6: ಸಂವೇದಕದಿಂದ ನೇರವಾಗಿ ಓದುವುದು

ಕೆರೆಯಲ್ಲಿ ಸ್ವಯಂಚಾಲಿತ ಸಂವೇದಕ ಇಲ್ಲದವರು ಈ ಹಂತವನ್ನು ಬಿಡಬಹುದು. ಇರುವವರಿಗೆ ಮಾತ್ರ ಇದು ನಿಜವಾಗಿಯೂ ದೊಡ್ಡ ಅನುಕೂಲ. "ಸೆನ್ಸರ್‌ಥಿಂಗ್ಸ್" ಎಂಬುದು ಮುಕ್ತ ಭೂದತ್ತಾಂಶ ಒಕ್ಕೂಟವಾದ ಒಜಿಸಿ 2016ರಲ್ಲಿ ಪ್ರಕಟಿಸಿದ ಮಾನಕ. ಬೇರೆ ಬೇರೆ ತಯಾರಕರ ಸಂವೇದಕಗಳು ತಮ್ಮ ಅಂಕಿಗಳನ್ನು ಒಂದೇ ಭಾಷೆಯಲ್ಲಿ ಹೇಳುವಂತೆ ಮಾಡುವ ಒಪ್ಪಂದ ಅದು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ರೂಪಿಸಿದ ಫ್ರಾಸ್ಟ್ ಎಂಬ ಮುಕ್ತ ಸರ್ವರ್ ಈ ಮಾನಕವನ್ನು ಪಾಲಿಸುತ್ತದೆ, ಅದನ್ನು ನಿಮ್ಮ ಕಾಲೇಜಿನ ಕಂಪ್ಯೂಟರ್‌ನಲ್ಲೇ ಸ್ಥಾಪಿಸಬಹುದು.

ಕ್ಯುಜಿಐಎಸ್‌ನ "ಡೇಟಾ ಸೋರ್ಸ್ ಮ್ಯಾನೇಜರ್"ನಲ್ಲಿ ಸೆನ್ಸರ್‌ಥಿಂಗ್ಸ್ ಆರಿಸಿ ಸರ್ವರ್‌ನ ವಿಳಾಸ ಕೊಟ್ಟರೆ, ಯಾವ ಬಗೆಯ ಮಾಹಿತಿ ಬೇಕೆಂದು ಅದು ಕೇಳುತ್ತದೆ. "ಲೊಕೇಷನ್" ಎಂದರೆ ಸಂವೇದಕ ಇರುವ ಜಾಗ, "ಡೇಟಾಸ್ಟ್ರೀಮ್" ಎಂದರೆ ಒಂದು ಗುಣದ ಮಾಪನ ಸರಣಿ, "ಅಬ್ಸರ್ವೇಷನ್" ಎಂದರೆ ಒಂದೊಂದು ಅಳತೆ. 3.36ರಲ್ಲಿ ಇವನ್ನು ಬೇರೆ ಬೇರೆಯಾಗಿ ತರಬೇಕಾಗಿತ್ತು, 3.38ರಿಂದ ಜಾಗ ಮತ್ತು ಅದರ ಅಳತೆಗಳನ್ನು ಒಟ್ಟಿಗೆ ಬಿಡಿಸಿ ತರಬಹುದಾಗಿದೆ. ಮೊದಲ ಸಲವೇ ಎಲ್ಲವನ್ನೂ ಕೇಳಬೇಡಿ. 15 ನಿಮಿಷಕ್ಕೊಮ್ಮೆ ಅಳೆಯುವ ಒಂದೇ ಸಂವೇದಕ ವರ್ಷಕ್ಕೆ 35,000ಕ್ಕೂ ಹೆಚ್ಚು ಸಾಲುಗಳನ್ನು ಕೊಡುತ್ತದೆ. ಮಿತಿಯನ್ನೂ ನಕ್ಷೆಯ ವ್ಯಾಪ್ತಿಯನ್ನೂ ಮೊದಲೇ ಕಿರಿದು ಮಾಡಿಕೊಳ್ಳಿ.

ಇಂಥ ಸರ್ವರ್‌ಗಳು ಸಮಯವನ್ನು ಸಾಮಾನ್ಯವಾಗಿ ವಿಶ್ವಮಾನ ಸಮಯದಲ್ಲಿ ಕೊಡುತ್ತವೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಬೆಳಗಿನ ಜಾವ 4 ಗಂಟೆಯ ಅಳತೆ ಸರ್ವರ್‌ನಲ್ಲಿ ಹಿಂದಿನ ದಿನದ ರಾತ್ರಿ 10:30 ಆಗಿರುತ್ತದೆ. ಆಮ್ಲಜನಕ ತಳ ಮುಟ್ಟುವ ಹೊತ್ತೇ ಅದಾದ್ದರಿಂದ, ದಿನದ ಕನಿಷ್ಠ ಮಟ್ಟವನ್ನು ಲೆಕ್ಕ ಹಾಕುವವರ ಅಂಕಿ ಒಂದು ದಿನ ಹಿಂದಕ್ಕೆ ಸರಿಯುತ್ತದೆ. ಕೈಯಲ್ಲಿ ಬರೆದ ಮಾಪನಗಳನ್ನೂ ಸಂವೇದಕದ ಅಳತೆಗಳನ್ನೂ ಒಂದೇ ನಕ್ಷೆಗೆ ಸೇರಿಸುವ ಮುನ್ನ ಎರಡನ್ನೂ ಒಂದೇ ಕಾಲಮಾನಕ್ಕೆ ತಂದುಕೊಳ್ಳಿ.

ಹಂತ 7: ಹಂಚಿಕೊಳ್ಳಲು ಸಿದ್ಧಪಡಿಸುವುದು

ಚಲಿಸುವ ನಕ್ಷೆಯಲ್ಲಿ ತಿಂಗಳ ಹೆಸರು ಕಾಣದಿದ್ದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ. "ವ್ಯೂ" ಮೆನುವಿನ "ಡೆಕೊರೇಷನ್ಸ್" ಅಡಿಯಲ್ಲಿ "ಟೈಟಲ್ ಲೇಬಲ್" ತೆರೆದು, "ಮ್ಯಾಪ್_ಸ್ಟಾರ್ಟ್_ಟೈಮ್" ಎಂಬ ಚರವನ್ನು "ಫಾರ್ಮ್ಯಾಟ್_ಡೇಟ್" ಸೂತ್ರದೊಳಗೆ ಇರಿಸಿ. ಆ ಸೂತ್ರದ ಮೂರನೆಯ ಜಾಗದಲ್ಲಿ ಕನ್ನಡದ ಭಾಷಾ ಸಂಕೇತವಾದ ಕೆ, ಎನ್ ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟರೆ ತಿಂಗಳ ಹೆಸರು "ಜುಲೈ", "ಆಗಸ್ಟ್" ಎಂದು ಕನ್ನಡದಲ್ಲೇ ಬರುತ್ತದೆ. ಊರಿನ ಸಭೆಯಲ್ಲಿ ತೋರಿಸುವ ನಕ್ಷೆಗೆ ಈ ಸಣ್ಣ ಶ್ರಮ ಪಡುವುದು ಅಗತ್ಯ ಎಂದೇ ನನ್ನ ನಂಬಿಕೆ.

ಕಾಲ ನಿಯಂತ್ರಕದ ಫಲಕದಲ್ಲಿರುವ ಉಳಿಸುವ ಗುಂಡಿ ಪ್ರತಿ ಚೌಕಟ್ಟನ್ನೂ ಬೇರೆ ಬೇರೆ ಚಿತ್ರವಾಗಿ ಕೊಡುತ್ತದೆ, ವೀಡಿಯೊ ಆಗಿ ಅಲ್ಲ. ಚಿತ್ರಗಳನ್ನು ವೀಡಿಯೊ ಜೋಡಿಸುವ ಯಾವುದಾದರೂ ತಂತ್ರಾಂಶದಲ್ಲಿ ನೀವೇ ಸೇರಿಸಬೇಕು. ಇಲಾಖೆಗೆ ಮನವಿ ಕೊಡುವವರಿಗೆ ಮುದ್ರಿತ ಹಾಳೆಯೇ ಬೇಕಾಗುತ್ತದೆ. ಅದಕ್ಕಾಗಿ ಪ್ರಿಂಟ್ ಲೇಔಟ್‌ನಲ್ಲಿ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇರಿಸಿ, ಪ್ರತಿಯೊಂದರ ಗುಣಗಳಲ್ಲಿ "ಟೆಂಪೊರಲ್ ರೇಂಜ್" ಎಂಬುದಕ್ಕೆ ಗುರುತು ಹಾಕಿ, ಒಂದಕ್ಕೆ ಏಪ್ರಿಲ್ ತಿಂಗಳನ್ನೂ ಇನ್ನೊಂದಕ್ಕೆ ಆಗಸ್ಟ್ ತಿಂಗಳನ್ನೂ ಕೊಡಿ. ಹಾಳೆಯ ಕೆಳಗೆ ಮಾದರಿ ತೆಗೆದವರು ಯಾರು, ದಿನದ ಯಾವ ಹೊತ್ತಿನಲ್ಲಿ ತೆಗೆದರು, ಪರೀಕ್ಷೆ ಯಾವ ವಿಧಾನದಲ್ಲಿ ನಡೆಯಿತು, ಯಾವ ತಿಂಗಳ ಮಾಪನ ತಪ್ಪಿಹೋಗಿದೆ ಎಂಬ ನಾಲ್ಕು ಸಾಲುಗಳನ್ನು ಸೇರಿಸಿ. ಅಧಿಕಾರಿಗಳು ಮೊದಲು ಕೇಳುವ ಪ್ರಶ್ನೆಗಳು ಇವೇ ಆಗಿರುತ್ತವೆ. ಮೂಲ ಸಿಎಸ್‌ವಿ ಕಡತವನ್ನೂ ಕ್ಷೇತ್ರ ಪುಸ್ತಕದ ಪುಟಗಳ ಫೋಟೊಗಳನ್ನೂ ಜಿಯೊಪ್ಯಾಕೇಜ್ ಇರುವ ಕಡತಕೋಶದಲ್ಲೇ ಒಟ್ಟಿಗೆ ಇಟ್ಟುಕೊಂಡಿರಿ.